ಶಾಲೆಯಲ್ಲಿ ನಾನು ಮಿಸ್

ಈಗಲೂ ಬೀರು ತೆರೆದಾಗ ನುಸಿಗುಳಿಗೆಯ ವಾಸನೆ ಬಂದರೆ, ನಾನು ಗಲ್ಫಿನ ಇಬ್ರಿ ಊರಿನಲ್ಲಿ ಅಮ್ಮ ಕಲಿಸುತ್ತಿದ್ದ, ನಾನೂ ಓದುತ್ತಿದ್ದ ಶಾಲೆಯ ಅಂಗಳದಲ್ಲಿ ನಿಂತುಬಿಡುತ್ತೇನೆ.

ಎಂಬತ್ತರ ದಶಕದ ಒಂದು ಜನವರಿ. ಬೆಟ್ಟದ ಕಡೆಯ ಗಾಳಿಗೆ ನಲ್ಲಿಯ ನೀರು ಕೈ ಕಚ್ಚುತ್ತಿತ್ತು. ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ ಅಂದು ಅಮ್ಮನದು. ಉಡುಪಿಯ ಸೆಕೆಯಿಂದ ಬಂದ ನಮಗೆ ಸ್ವೆಟರ್ ಎಲ್ಲಿಯದು? ಇದ್ದದ್ದು ಪೆಟ್ಟಿಗೆಯಿಂದ ತೆಗೆದ, ನುಸಿಗುಳಿಗೆ ನಾರುವ ಅಮ್ಮನ ಕಂದು ಶಾಲು ಒಂದೇ. "ಶಾಲೆಯಲ್ಲಿ ನಾನು ಮಿಸ್. ಅಮ್ಮ ಅಂತ ಕರೆದ್ರೆ ನೋಡು ಮತ್ತೆ" ಎಂದು ಅವಳು ನನ್ನನ್ನು ಮೊದಲೇ ಎಚ್ಚರಿಸಿದ್ದಳು.

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ನಡುಗುತ್ತಾ ಬಂದು, ಬಾಯಿ ತಪ್ಪಿ, "ಅಮ್ಮಾ, ಚಳಿ" ಎಂದಳು. ಅಮ್ಮ ನಕ್ಕುಬಿಟ್ಟಳು. "ಬಾ ಮಾರಾಯ್ತಿ" ಎಂದು ಅವಳನ್ನು ಶಾಲಿನೊಳಗೆ ಎಳೆದುಕೊಂಡಳು.

ನಾನೂ ಹತ್ತಿರ ಹೋಗಿ, "ಮಿಸ್, ನನಗೂ ಚಳಿ" ಎಂದೆ.

ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿದಳು. "ಯಲ್ಲಾ, ನಡಿ, ನೀನೂ ಬಾ" ಎಂದು ಅಲ್ಲಿಯ ಅರಬ್ಬಿ ಬೆರೆಸಿ ಹೇಳಿ ಶಾಲಿನ ಇನ್ನೊಂದು ಬದಿ ತೆರೆದಳು.

ಒಳಗಿನ ಬೆಚ್ಚನೆಯ ಕತ್ತಲಲ್ಲಿ ಆ ಹುಡುಗಿ ಪಿಸುಗುಟ್ಟಿದಳು: "ನಿನ್ಗೂ ಇವರು ಮಿಸ್ಸಾ?"

"ಹೌದು" ಎಂದೆ.

ಅಮ್ಮನ ಕೈ ಮೆಲ್ಲಗೆ ಬಂದು ನನ್ನ ತಣ್ಣನೆಯ ಕಿವಿಯನ್ನು ಮುಚ್ಚಿತು.