ಸಿಗ್ನಲ್ ಬಾರದ ಮಧ್ಯಾಹ್ನ

“ಬಂತಾ?” ಟ್ರೈಲರ್‌ನ ಹಿಂದಿನಿಂದ ಗಂಡ ಕೂಗಿದ.

“ಇಲ್ಲ,” ಎಂದಳು ಆಕೆ.

ಬರುವುದಾದರೂ ಹೇಗೆ? ಸೆಟ್‌ಟಾಪ್ ಬಾಕ್ಸಿನ ಹಿಂದಿನ ಕೇಬಲನ್ನು ಆಕೆಯೇ ತಿರುಗಿಸಿ ಬಿಚ್ಚಿದ್ದಳು. ಮೇಲ್ನೋಟಕ್ಕೆ ತಿಳಿಯದ ಹಾಗೆ ತುದಿಯನ್ನು ಅಲ್ಲೇ ಆನಿಸಿಟ್ಟು, ಅದಕ್ಕೆ ಅಡ್ಡವಾಗಿ ಕೂತಿದ್ದಳು.

“ಈಗ ನೋಡೇ.”

“ಊಹೂಂ. ಏನೂ ಇಲ್ಲ.”

ಈ ಚಕ್ರದ ಮನೆಯನ್ನು ಕಾರಿನ ಹಿಂದೆ ಎಳೆದುಕೊಂಡು ಕೆರೆಯ ದಡದ ಈ ಬಯಲಿಗೆ ಬೆಳಿಗ್ಗೆಯಷ್ಟೇ ಬಂದಿದ್ದರು. ಗಂಡನ ಎದೆಯ ಆಪರೇಷನ್ ಆದಮೇಲೆ ಇದೇ ಮೊದಲ ತಿರುಗಾಟ. ನಾಲ್ಕು ದಿನ ಗಾಳಿ ಬದಲಾಗಲಿ, ಆದರೆ ಮನಸ್ಸಿಗೆ ಆಘಾತವಾಗುವಂಥದ್ದು ಮಾತ್ರ ಬೇಡ ಎಂದು ಡಾಕ್ಟರು ಆಕೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅವನಿಗೋ ಒಂದೇ ಧ್ಯಾನ. ಇವತ್ತಿನ ಫೈನಲ್ ಮ್ಯಾಚ್. ಡಿಶ್ಶು, ಅದರ ಮೂರು ಕಾಲಿನ ಸ್ಟ್ಯಾಂಡು, ಸುರುಳಿ ಕೇಬಲ್ಲು ಎಲ್ಲವನ್ನೂ ಬಟ್ಟೆಬರೆಗಿಂತ ಮೊದಲೇ ಕಟ್ಟಿಕೊಂಡಿದ್ದ.

ಬಯಲಿನ ಗೇಟಿನಲ್ಲಿ ಅವನು ಟ್ರೈಲರ್ ನಿಲ್ಲಿಸುವ ಜಾಗ ಗೊತ್ತುಮಾಡಲು ಆಫೀಸಿನೊಳಗೆ ಹೋದಾಗ, ಕಾರಿನಲ್ಲಿದ್ದ ಆಕೆಗೆ ಸೊಸೆಯ ಫೋನು ಬಂತು.

“ಅತ್ತೆ, ಸುರಂಗ ಕುಸಿದಿದೆಯಂತೆ. ಇವರ ಪಾಳಿಯವರೆಲ್ಲ ಒಳಗೇ ಇದ್ದಾರೆ. ಬದುಕಿದ್ದಾರೋ ಇಲ್ವೋ ಯಾರೂ ಹೇಳ್ತಿಲ್ಲ. ಟಿವಿಲಿ ಅದನ್ನೇ ತೋರಿಸ್ತಿದ್ದಾರೆ. ಮಾವನಿಗೆ ಮಾತ್ರ ಗೊತ್ತಾಗಬಾರದು, ಅತ್ತೆ.”

ಮಗ ಸುರಂಗ ಕೊರೆಯುವ ಯಂತ್ರ ನಡೆಸುತ್ತಿದ್ದ, ಎಲ್ಲೋ ದೂರದ ಬೆಟ್ಟದಲ್ಲಿ. ಅಷ್ಟರಲ್ಲಿ ಗಂಡ ಆಫೀಸಿನಿಂದ ಹೊರಬಂದ. ಮುಖ ತೊಳೆದುಕೊಂಡಿದ್ದ, ಅಂಗಿಯ ಕಾಲರೆಲ್ಲ ಒದ್ದೆ. “ಏನು ಸೆಕೆಯಪ್ಪಾ,” ಎಂದು ಕಾರು ಹತ್ತಿದ. ಆಕೆ ಫೋನನ್ನು ಚೀಲದ ತಳಕ್ಕೆ ತುರುಕಿ, ಹೂಂ, ಬಿಸಿಲು ಜಾಸ್ತಿ ಎಂದಳು.

ಗೇಟು ದಾಟಿ ಒಳಬಂದರೆ ಫೋನಿಗೆ ಸಿಗ್ನಲ್ ಇಲ್ಲ. ಅದೊಂದು ಪುಣ್ಯ, ಅದೇ ನರಕ. ನಡೆದು ಗೇಟಿನವರೆಗೆ ಹೋದರೆ ಸೊಸೆ ಸಿಗುತ್ತಾಳೆ, ಮಗನ ಸುದ್ದಿ ಸಿಗುತ್ತದೆ. ಆದರೆ ಗಂಡನನ್ನೂ ಟಿವಿಯನ್ನೂ ಒಟ್ಟಿಗೆ ಬಿಟ್ಟು ಹೇಗೆ ಹೋಗುವುದು?

“ಬಂತಾ?”

“ಇಲ್ಲ ರೀ. ಸಾಕು ಬಿಡಿ, ಬಿಸಿಲಲ್ಲಿ ಎಷ್ಟು ಹೊತ್ತು ಒದ್ದಾಡ್ತೀರಿ?”

“ಮ್ಯಾಚ್ ಬಿಡೋಕಾಗುತ್ತಾ? ಇನ್ನೊಂಚೂರು ತಿರುಗಿಸ್ತೀನಿ, ತಾಳು.”

ಹೊಟ್ಟೆಪಾಡಿಗೆ ಊರಿನ ಅರ್ಧ ತಾರಸಿಗಳಿಗೆ ಡಿಶ್ ಕೂರಿಸಿದ ಮನುಷ್ಯ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸಕ್ಕೆ ಇವತ್ತು ಬೆವರು ಸುರಿಸುತ್ತಿದ್ದಾನೆ. ತಾನು ಮರೆತೆನೇ, ಕೈ ಕೆಟ್ಟಿತೇ ಎಂದುಕೊಳ್ಳುತ್ತಿರಬಹುದು. ಒಮ್ಮೆ ಒಳಬಂದು ಬಾಕ್ಸಿನ ಹಿಂದೆ ಇಣುಕಿದರೆ ಎಲ್ಲ ಬಯಲು. ಯಾಕೋ ಬರಲಿಲ್ಲ. ಬರದಿರಲಿ ಎಂದು ಆಕೆ ಉಸಿರು ಬಿಗಿಹಿಡಿದಳು.

ಆಗ ಪಕ್ಕದ ಟ್ರೈಲರ್‌ನ ಗಡ್ಡದವನ ದನಿ ಕೇಳಿತು.

“ಏನ್ ಯಜಮಾನ್ರೇ, ಇನ್ನೂ ಬರ್ಲಿಲ್ವಾ? ನಮ್ದು ಚೆನ್ನಾಗಿ ಬರ್ತಿದೆ, ಅಲ್ಲೇ ಬನ್ನಿ. ಅಂದ್ಹಾಗೆ ನ್ಯೂಸ್ ಕೇಳಿದ್ರಾ, ಆ ಸುರಂಗ—”

ಆಕೆ ಕೈಗೆ ಸಿಕ್ಕ ಪಾತ್ರೆಯನ್ನು ನೆಲಕ್ಕೆ ಬಿಟ್ಟಳು. ಟ್ರೈಲರೆಲ್ಲ ಸದ್ದು. ಅದೇ ಗಳಿಗೆಗೆ ಹೊರಗಡೆ ಗಂಡನೂ ದನಿ ಎತ್ತಿದ್ದ.

“ಬೇಡ ಅಂದ್ನಲ್ಲ. ನಮ್ಮದನ್ನ ನಾನೇ ಸರಿ ಮಾಡ್ಕೋತೀನಿ. ನೀವು ಹೋಗಿ ನಿಮ್ಮ ಮ್ಯಾಚ್ ನೋಡಿ.”

ಅವನು ಯಾರಿಗೂ ಹೀಗೆ ಮುಖ ಮುರಿಯುವಂತೆ ಮಾತಾಡಿದವನಲ್ಲ. ಸೋತ ಕಸುಬುದಾರನ ಸಿಟ್ಟು ಎಂದುಕೊಂಡು, ಆ ಸಿಟ್ಟಿಗೇ ಆಕೆ ಮನಸ್ಸಿನಲ್ಲಿ ಕೈಮುಗಿದಳು. ಆಮೇಲೆ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದಳು. ಒಳಗೆ ಕಾದ ಹೆಂಚಿನ ಶಾಖ. ಮಗ ಇರುವ ಕತ್ತಲಲ್ಲಿ ಇಷ್ಟು ಗಾಳಿಯಾದರೂ ಇದೆಯೋ ಇಲ್ಲವೋ.

“ಬಂತಾ?” ಎಂಬ ದನಿ ಬರುಬರುತ್ತ ಸೊರಗಿತು. “ಇಲ್ಲ” ಎನ್ನುವ ಆಕೆಯ ದನಿಯೂ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕಪಕ್ಕದ ಟ್ರೈಲರ್‌ಗಳಲ್ಲಿ ಒಮ್ಮೆಲೇ ಕೇಕೆ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಮ್ಯಾಚು ಮುಗಿದಿರಬೇಕು, ಗೆದ್ದೆವು ಕಾಣುತ್ತದೆ, ಇನ್ನು ಅವನು ಡಿಶ್ ಬಿಟ್ಟು ಒಳಬರುತ್ತಾನೆ ಎಂದು ಆಕೆ ಬಾಗಿಲು ತೆರೆದಳು. ಗಡ್ಡದವನು ಮತ್ತೆ ಇತ್ತಲೇ ಓಡಿಬರುತ್ತಿದ್ದ. ತಡೆಯಲು ಈ ಸಲ ಕೈಯಲ್ಲಿ ಪಾತ್ರೆಯೂ ಇರಲಿಲ್ಲ.

“ಬಯ್ದರೂ ಪರವಾಗಿಲ್ಲ, ಹೇಳೇ ಹೋಗ್ತೀನಿ,” ಅವನು ಏದುಸಿರು ಬಿಡುತ್ತ ಹೇಳಿದ. “ಮ್ಯಾಚ್ ನಿಲ್ಲಿಸಿ ತೋರಿಸಿದ್ರು. ಸುರಂಗದಲ್ಲಿ ಸಿಕ್ಕಿಕೊಂಡಿದ್ದ ಅಷ್ಟೂ ಜನ ಹೊರಗೆ ಬಂದ್ರು. ಒಬ್ಬರಿಗೂ ಏನೂ ಆಗಿಲ್ಲ.”

ಆಕೆ ಮೆಟ್ಟಿಲ ಮೇಲೆ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಅಳು ನಿಲ್ಲಲಿಲ್ಲ. ಮರುಕ್ಷಣ ಗಂಡನ ನೆನಪಾಯಿತು. ಎದ್ದುಬಿದ್ದು ಟ್ರೈಲರ್ ಸುತ್ತಿ ಹಿಂದಕ್ಕೆ ಓಡಿದಳು. ಗಡ್ಡದವನೂ ಗಾಬರಿಯಾಗಿ ಹಿಂಬಾಲಿಸಿದ.

ಗಂಡ ಹುಲ್ಲಿನ ಮೇಲೆ ಕುಕ್ಕರಿಸಿದ್ದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

“ರೀ, ಎದೆ ನೋವಾ? ಇಲ್ನೋಡಿ. ನಮ್ಮ ಹುಡುಗನೂ ಅಲ್ಲೇ ಇದ್ದ. ಈಗ ಏನೂ ಇಲ್ಲ, ಕೇಳಿಸ್ತಲ್ಲ, ಹೊರಗೆ ಬಂದಿದ್ದಾನೆ. ನಿಮಗೆ ಗೊತ್ತಾಗಬಾರದು ಅಂತ ಕೇಬಲ್ ನಾನೇ ಬಿಚ್ಚಿಟ್ಟಿದ್ದೆ.”

ಗಡ್ಡದವನು ಇಬ್ಬರನ್ನೂ ನೋಡಿದ, ಡಿಶ್ಶನ್ನು ನೋಡಿದ.

“ಕೇಬಲ್ ಇದ್ದಿದ್ರೂ ಬರ್ತಿರಲಿಲ್ಲ, ಅಮ್ಮಾ. ಎಲ್ಲರ ಡಿಶ್ಶೂ ಕೆರೆ ಕಡೆ ನೋಡ್ತಿದೆ, ಇದೊಂದು ಮರದ ಬುಡಕ್ಕೆ ಮುಖ ಮಾಡಿದೆ. ಯಾರು ಹೀಗೆ ಇಟ್ಟಿದ್ದು?”

“ನಾನೇ,” ಎಂದ ಗಂಡ, ಕೈ ಚಾಚಿ ಆಕೆಯ ಮುಂಗೈ ಹಿಡಿದು. “ಬೆಳಿಗ್ಗೆ ಗೇಟಿನ ಆಫೀಸಿನ ಟಿವಿಲಿ ನೋಡಿದ್ದೆ. ಇವಳಿಗೆ ಗೊತ್ತಾಗೋದು ಬೇಡ ಅಂತ.”