ಆಪರೇಟರು ಬಿಟ್ಟ ರೀಲು

ನಾನು ನಿರ್ದೇಶಿಸಿದ ಚಲನಚಿತ್ರಕ್ಕೆ ಏಳೇ ಜನ ಬಂದಿದ್ದ ನಿನ್ನೆಯ ಪ್ರದರ್ಶನದಲ್ಲಿ ಯಾರೋ ತಂದ ಹುರಿದ ಶೇಂಗಾದ ವಾಸನೆಯಿಂದ ಈ ಕೆಳಕಂಡ ಮಧ್ಯಾಹ್ನ ನೆನಪಾಯಿತೆಂದು ವಿನಮ್ರವಾಗಿ ತಿಳಿಸುತ್ತೇನೆ.

ಹಗರಿಬೊಮ್ಮನಹಳ್ಳಿಯ ಟಾಕೀಸಿನಲ್ಲಿ ಮ್ಯಾಟಿನಿ ತಡವಾದರೆ, ಹಂಪಸಾಗರದ ಬಸ್ಸು ಹಿಡಿಯುವವರಿಗಾಗಿ ಆಪರೇಟರು ಒಂದು ರೀಲನ್ನು ಬಿಟ್ಟು ಮುಂದಿನದನ್ನು ಹಾಕುವುದು ವಾಡಿಕೆಯಾಗಿತ್ತು. ಅಜ್ಜಿಯೊಂದಿಗೆ ನಾನು ಹೋದ ಅಂದು ಬಿಟ್ಟದ್ದು, ಕಳೆದುಹೋದ ಮಗನನ್ನು ತಾಯಿ ಗುರುತಿಸುವ ರೀಲು. ನನ್ನ ಅಜ್ಜಿಯ ಮಗನೂ ಮನೆ ಬಿಟ್ಟು ಹೋಗಿ ಆಗ ಮೂರು ವರ್ಷವಾಗಿತ್ತು.

ಬಸ್ಸಿನಲ್ಲಿ ಹುರಿದ ಶೇಂಗಾದ ಪೊಟ್ಟಣ ಮಡಿಲಲ್ಲಿಟ್ಟುಕೊಂಡ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: "ಆಕಿ ಮಗನ್ನ ಹೆಂಗ ಗುರ್ತ ಹಿಡದ್ಲವ್ವಾ?"

"ನೀರು ಕೇಳಾಕ ಬಾಗಿಲಿಗೆ ಬಂದಿದ್ದ. ದನಿ ಕೇಳಿ ಹಿಡದ್ಲು," ಎಂದು ಕಟ್ಟಿ ಹೇಳಿದೆ.

ಹಿಂದಿನ ಸೀಟಿನವನು ನಕ್ಕ: "ಆ ರೀಲ ಹಾಕೇ ಇಲ್ಲಬೇ ಮುದುಕಿ, ಹುಡುಗಿ ಸುಳ್ಳು ಹೇಳಾಕತ್ತೈತಿ!"

"ನನಗೂ ಗೊತ್ತೈತಿ, ಸುಮ್ನ ಕುಂದ್ರಲೇ," ಎಂದು ಗದರಿದ ಅಜ್ಜಿ ನನ್ನತ್ತ ತಿರುಗಿದಳು: "ನೀ ಹೇಳವ್ವಾ. ಮೊದ್ಲಿಂದ ಹೇಳು."