ಗೇಟಿನ ಹತ್ರ ಕಾಯೋರು

ತಿರುವು ದಾಟಿ ಹೆಫಿನಾಳ ಸೈಕಲ್ಲು ಕಾಣಿಸ್ಕೊಂಡಿದ್ದೇ ತಡ, ಗೇಟಿನ ಹತ್ರ ಗುಸುಗುಸು ಅಂತಿದ್ದ ತಲೆಗಳೆಲ್ಲ ಕಲ್ಲು ಬಿದ್ದ ಕಾಗೆ ಗುಂಪಿನ ಹಾಗೆ ಚೆದುರಿದ್ವು. ಒಬ್ಬ ಚೈನು ನೋಡ್ದ. ಇನ್ನೊಬ್ಬ ಆಕಾಶ ನೋಡ್ದ. ಗುಂಪಿನ ಯಜಮಾನ ಇಡ್ವಾಲ್, ಊರಲ್ಲಿ ಮಾಂಸದಂಗಡಿ ಇಟ್ಟೋನು, ಹ್ಯಾಂಡಲ್ ಮೇಲೆ ಹೊಟ್ಟೆ ಊರ್ಕೊಂಡು ಹಲ್ಲು ಕಿರಿದ.

"ಏನಮ್ಮಾ, ಇಷ್ಟು ಬೇಗ ಬಂದ್ಬಿಟ್ಟೆ!"

ಚುಚ್ಚು ಮಾತು. ಅಷ್ಟೂ ಗೊತ್ತಾಗಲ್ವಾ ಹೆಫಿನಾಗೆ? ಅರವತ್ತು ದಾಟಿದ ಹೆಂಗಸು ಅವಳು.

"ಬರದೆ ಏನ್ಮಾಡ್ಲಿ? ಹಿಂದೆ ಒಂದು ಕುರಿ ಅಟ್ಟಿಸ್ಕೊಂಡು ಬಂತು. ಕೊನೆಗೆ ಅದಕ್ಕೇ ಬೇಜಾರಾಗಿ ನನ್ನ ದಾಟ್ಕೊಂಡು ಹೋಯ್ತು."

ಯಾರೂ ನಗ್ಲಿಲ್ಲ. ಮೊದಲೆಲ್ಲ ನಗ್ತಿದ್ರು.

ಈ ಬುಧವಾರದ ಸಾಯಂಕಾಲದ ಸವಾರಿಗೆ ಇರೋದು ಒಂದೇ ಕಾನೂನು. ಹಿಂದೆ ಬಿದ್ದೋರನ್ನ ಬಿಟ್ಟು ಹೋಗೋ ಹಾಗಿಲ್ಲ. ಗುಡ್ಡದ ಒಂದೊಂದು ಗೇಟಿನ ಹತ್ರಾನೂ ನಿಂತು, ಕಡೇ ಸೈಕಲ್ಲು ಬಂದ ಮೇಲೇ ಹೊರಡ್ಬೇಕು. ಕೇಳೋಕೆ ಬಲು ಚೆಂದ. ಆದ್ರೆ ಕಡೇ ಸೈಕಲ್ಲು ಬಂತೋ, ಉಳಿದೋರೆಲ್ಲ ಆ ಗಳಿಗೆಗೇ ಹೊರಟ್ರು! ಕಡೇವ್ರು ಇಳಿದು, ಕುರಿ ಆಚೆ ಹೋಗದ ಹಾಗೆ ಗೇಟು ಹಾಕಿ, ಮತ್ತೆ ಹತ್ತಿ ತುಳೀಬೇಕು. ಎರಡು ವರ್ಷದಿಂದ ಕಡೇವ್ರು ಅಂದ್ರೆ ಹೆಫಿನಾ. ಈ ಗುಡ್ಡದ ಮೇಲೆ ಅವಳು ಒಂದು ಗುಟುಕು ನೀರು ನೆಮ್ಮದಿಯಾಗಿ ಕುಡಿದೋಳಲ್ಲ.

ಶುರುವಲ್ಲಿ ಅವಳ ವೇಗ ಎಂಥದ್ದು ಅಂತೀರಿ! ಬಸವನಹುಳ ಹಿಂದಿನಿಂದ ಬಂದು "ದಾರಿ ಬಿಡಿ ಅಜ್ಜಿ" ಅಂತಂತೆ. ಹಾಗಂತ ಅವಳೇ ಊರೆಲ್ಲ ಹೇಳ್ಕೊಂಡು ಬಂದಿದ್ಳು. ಬೇರೆಯೋರು ಆಡ್ಕೊಳ್ಳೋ ಮುಂಚೆ ತಾನೇ ಆಡ್ಕೊಂಡ್ರೆ ಅಷ್ಟು ನೋಯಲ್ಲ ನೋಡಿ.

ಗಂಡ ಹೋದ ಮೇಲೆ ಮನೇಲಿ ಅವಳ ಜೊತೆ ಮಾತಾಡ್ತಿದ್ದೋರು ಇಬ್ರೇ. ಒಂದು ರೇಡಿಯೋ, ಇನ್ನೊಂದು ಚಾ ಕೆಟಲ್ಲು. ಅದ್ರಲ್ಲೂ ಕೆಟಲ್ಲು ಬರೀ ಸಿಡುಕು. ಇಡೀ ವೇಲ್ಸಿನಲ್ಲಿ ಅವಳಿಗೋಸ್ಕರ ಯಾರಾದ್ರೂ ಕಾಯ್ತಾರೆ ಅಂದ್ರೆ ಅದು ಬುಧವಾರ, ಈ ಗೇಟುಗಳ ಹತ್ರ. ಅದೂ ಈಗ ಕೈಬಿಟ್ಟು ಹೋಗೋ ಹಾಗಿತ್ತು.

ಹೋದ ವಾರ ಪಬ್ಬಿನ ಬಾಗಿಲ ಸಂದೀಲಿ ಅವಳ ಕಿವಿಗೇ ಬಿದ್ದಿತ್ತು.

"ಹೆಫಿನಾ ವಿಷಯ ಹೀಗೇ ಬಿಟ್ರೆ ಆಗಲ್ಲ ಇಡ್ವಾಲ್. ಯಾರಾದ್ರೂ ಹೇಳ್ಲೇಬೇಕು." ಶಾಲೆ ಟೀಚರ್ ಮೆರೆರಿಡ್ ದನಿ ಅದು.

"ನಾನಂತೂ ಹೇಳಲ್ಲಪ್ಪ. ಆ ಮುಖ ನೋಡ್ಕೊಂಡು ಹೆಂಗೆ ಹೇಳ್ಲಿ?"

ಇನ್ನೇನು ಬೇಕು ಅರ್ಥ ಆಗೋಕೆ? ಅವಳನ್ನ ಕಾಲುವೆ ಗುಂಪಿಗೆ ಸಾಗಹಾಕ್ತಾರೆ. ಕಾಲುವೆ ಗುಂಪು ಅಂದ್ರೆ ಸಮತಟ್ಟು ದಾರೀಲಿ ಒಂದು ಮೈಲಿ ತುಳಿದು ಮೂರು ತುಂಡು ಕೇಕ್ ತಿಂದು ಮೊಣಕಾಲು ನೋವಿನ ಸುದ್ದಿ ಹೇಳ್ಕೊಳ್ಳೋರು. ಅಲ್ಲಿಗೆ ಹೋದೋರು ಯಾರೂ ಗುಡ್ಡಕ್ಕೆ ವಾಪಸ್ಸು ಬಂದಿಲ್ಲ.

ಅದಕ್ಕೇ ಇವತ್ತು ಹಲ್ಲು ಕಚ್ಚಿ ತುಳಿದ್ಳು. ಕಾಯಿಸಿದ್ರೆ ತಾನೇ ಕಳಿಸೋದು? ಕಲ್ಲು, ಕೆಸರು, ಜರಿಗಿಡ ಒಂದನ್ನೂ ನೋಡ್ಲಿಲ್ಲ. ಅವಳು ಬಿಟ್ಟ ಉಸಿರಿಗೆ ಪಕ್ಕದ ಕಣಿವೇಲಿ ಒಣಗಹಾಕಿದ ಬಟ್ಟೆ ಹಾರಿದ್ವು ಅನ್ಬೇಕು.

ಮುಂದಿನ ಗೇಟಿನಲ್ಲಿ ಮೆರೆರಿಡ್ ಇನ್ನೂ ಸೈಕಲ್ಲಿಂದ ಒಂದು ಕಾಲು ಇಳಿಸ್ತಿದ್ಳು. ಹೆಫಿನಾನ ನೋಡಿದ್ದೇ, ಬೇಯಿಸಿದ ಬೀಟ್‌ರೂಟ್ ಹಾಗಿದ್ದ ಮುಖ ಇನ್ನೂ ಕೆಂಪಾಯ್ತು. ಸಿಟ್ಟು, ಅಂದ್ಕೊಂಡ್ಳು ಹೆಫಿನಾ.

"ಸುಧಾರಿಸ್ಕೊಳ್ಳಮ್ಮ, ನೀರು ಕುಡಿ," ಅಂದ ಇಡ್ವಾಲ್. "ಅವಸರ ಏನಿಲ್ಲ."

"ನನಗೇನೂ ಬೇಡ. ನಿಮ್ಮನ್ನ ನಿಲ್ಲಿಸ್ಕೊಳ್ಳೋಕೆ ಇಷ್ಟ ಇಲ್ಲ. ನಡೀರಿ ಹೋಗೋಣ."

ಎಲ್ಲರೂ ಹೆಣದ ಮನೇಲಿ ಕೂತೋರ ಹಾಗೆ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು.

"ಒಂದು ಕೆಲಸ ಮಾಡು," ಅಂದ ಇಡ್ವಾಲ್ ತಗ್ಗಿದ ದನೀಲಿ. "ನೀನು ಮುಂದೆ ಹೋಗ್ತಿರು. ನಮಗೆ ಇಲ್ಲಿ ಸ್ವಲ್ಪ ಮಾತಾಡೋದಿದೆ."

ಎದುರಿಗೇ ತೀರ್ಮಾನ ಮಾಡೋಕೂ ಮನಸ್ಸಿಲ್ಲ ಇವರಿಗೆ. ಹೆಫಿನಾ ತುದಿ ಗೇಟಿನ ತನಕ ಒಬ್ಬಳೇ ಹತ್ತಿ ನಿಂತ್ಳು. ಕೆಳಗಿನ ಗೇಟಿನ ಹತ್ರ ಅವರ ಬಣ್ಣದ ಅಂಗಿಗಳು ಹಾಗೇ ನಿಂತಿದ್ವು, ಅಲ್ಲಾಡ್ಲೇ ಇಲ್ಲ. ಒಬ್ಬಳ ವಿಷಯ ತೀರ್ಮಾನಿಸೋಕೆ ಇಷ್ಟು ಹೊತ್ತಾ? ಪಾರ್ಲಿಮೆಂಟು ಸೇರಿದ್ರೂ ಇಷ್ಟು ಹೊತ್ತಾಗಲ್ಲ.

ಪಬ್ಬಿಗೆ ಇಳಿದ ಮೇಲೆ ಇಡ್ವಾಲ್ ಅವಳಿಗೆ ತನ್ನ ದುಡ್ಡಲ್ಲಿ ಬಿಯರ್ ತಂದಿಟ್ಟ. ಸ್ವಂತ ಅತ್ತೆಗೂ ಮೂಳೆ ತೂಕ ಹಾಕಿ ಕೊಡೋ ಜುಗ್ಗ! ಕುರಿ ಕಡಿಯೋ ಮುಂಚೆ ಹಾರ ಹಾಕಿದ ಹಾಗಾಯ್ತು ಅವಳಿಗೆ.

"ಹೆಫಿನಾ, ನಾವೆಲ್ಲ ಸೇರಿ ಒಂದು ಮಾತು..." ಅವನು ಪಕ್ಕಕ್ಕೆ ತಿರುಗಿದ. "ಮೆರೆರಿಡ್, ನೀನೇ ಹೇಳಮ್ಮ."

"ಯಜಮಾನ ನೀನಾ ನಾನಾ?"

"ಯಾರೂ ಹೇಳ್ಬೇಡಿ," ಅಂದ್ಳು ಹೆಫಿನಾ, ನಗೋಕೆ ನೋಡ್ತಾ. "ನನಗೆ ಗೊತ್ತು. ಮುಂದಿನ ಬುಧವಾರ ಕಾಲುವೆ ಗುಂಪಿಗೆ ಹೋಗ್ತೀನಿ, ಕೇಕ್ ಚೆನ್ನಾಗಿರುತ್ತಂತೆ. ನೀವು ಆರಾಮಾಗಿ ಹೋಗಿ ಬನ್ನಿ. ಯಾವ ಗೇಟಲ್ಲೂ ನನಗೆ ಕಾಯೋದು ಬೇಡ."

"ಅಯ್ಯೋ!" ಮೆರೆರಿಡ್ ಕೂಗಿದ ಕೂಗಿಗೆ ಪಬ್ಬಿನ ನಾಯಿ ಮೇಜಿನ ಕೆಳಗೆ ನುಗ್ತು. ಇಡ್ವಾಲ್ ಹೆಫಿನಾಳ ಎರಡೂ ಕೈ ಹಿಡ್ಕೊಂಡ.

"ಹಂಗನ್ಬೇಡ ತಾಯಿ. ನಿನಗೆ ಕಾಯೋ ನೆಪದಲ್ಲೇ ನಾವೆಲ್ಲ ಎರಡು ವರ್ಷದಿಂದ ಉಸಿರು ತಗೊಂಡಿರೋದು. ನಿಲ್ಲದೆ ತುಳಿದು ತುಳಿದು ನೀನು ಕುದುರೆ ಆಗ್ಬಿಟ್ಟಿದೀಯ. ನಮ್ಮ ಜೀವ ಉಳಿಸು, ಸ್ವಲ್ಪ ಹಿಂದೆ ಬೀಳಮ್ಮ!"